ಸೇವಾ ಕ್ಲಬ್ಬುಗಳ ಕಿರಿಯ ಶಾಖೆಗಳು

ರೋಟರಿ, ಲಯನ್ಸ್‌ನಂಥ ಸೇವಾ ಕ್ಲಬ್ಬುಗಳು ಹುಟ್ಟಿದ್ದು ನಡುವಯಸ್ಸಿನ ವ್ಯಾಪಾರಸ್ಥರ, ವೃತ್ತಿನಿರತರ ಕೂಟಗಳಾಗಿ. ಪಾಲ್ ಹ್ಯಾರಿಸ್ 1905ರಲ್ಲಿ ಷಿಕಾಗೋ ನಗರದಲ್ಲಿ ರೋಟರಿಯನ್ನು ಕಟ್ಟಿದರು. ಅದೇ ಊರಿನ ವಿಮಾ ವ್ಯವಹಾರಸ್ಥ ಮೆಲ್ವಿನ್ ಜೋನ್ಸ್ 1917ರಲ್ಲಿ ಲಯನ್ಸ್‌ಗೆ ನಾಂದಿ ಹಾಡಿದರು. ಮೊದಲ ದಶಕಗಳಲ್ಲಿ ಮಕ್ಕಳು ಇವುಗಳ ಹತ್ತಿರ ಬಂದದ್ದು ಹೆಚ್ಚಾಗಿ ನೆರವು ಪಡೆಯುವವರಾಗಿ. ಒಹಾಯೋ ರಾಜ್ಯದ ಇಲಿರಿಯಾದ ರೋಟೇರಿಯನ್ ಎಡ್ಗರ್ ಅಲೆನ್, 1907ರ ಟ್ರಾಲಿ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ಮೇಲೆ ಆಸ್ಪತ್ರೆ ಕಟ್ಟಿಸಲು ಮುಂದಾದರು. 1919ರಲ್ಲಿ ಅಂಗವಿಕಲ ಮಕ್ಕಳಿಗಾಗಿ ಒಂದು ಸಂಘವನ್ನೂ ಸ್ಥಾಪಿಸಿದರು. ಅದು ದೊಡ್ಡ ಕೆಲಸವೇ. ಆದರೆ ಯಾವ ಕೆಲಸ ಆಗಬೇಕೆಂದು ತೀರ್ಮಾನಿಸುವ ಜಾಗದಲ್ಲಿ ಎಳೆಯರು ಇರಲಿಲ್ಲ.

ಲಯನ್ಸ್‌ನಲ್ಲಿ ಆ ಜಾಗ ಸಿಕ್ಕಿದ್ದು ಆಟದ ಮೈದಾನದ ಕಡೆಯಿಂದ. ಪೆನ್ಸಿಲ್ವೇನಿಯಾದ ಆಬಿಂಗ್ಟನ್ ಹೈಸ್ಕೂಲಿನ ಬೇಸ್‌ಬಾಲ್ ತರಬೇತುದಾರ ಜಿಮ್ ಗ್ರೇವರ್ ಗ್ಲೆನ್‌ಸೈಡ್ ಲಯನ್ಸ್ ಕ್ಲಬ್ಬಿನ ಸದಸ್ಯರೂ ಆಗಿದ್ದರು. 1957ರಲ್ಲಿ ಅವರು ತಮ್ಮ ಶಾಲೆಯ 35 ಹುಡುಗರನ್ನು ಸೇರಿಸಿ ಕ್ಲಬ್ ಮಾಡಿದರು. ಹೆಚ್ಚಿನವರು ತಂಡದ ಆಟಗಾರರು. ಇದೇ ಮೊದಲ ಲಿಯೋ ಕ್ಲಬ್. ಲಯನ್ಸ್ ಅಂತರರಾಷ್ಟ್ರೀಯ ಸಂಸ್ಥೆ ಇದನ್ನು ಅಧಿಕೃತ ಕಾರ್ಯಕ್ರಮವೆಂದು ಒಪ್ಪಿದ್ದು 1967ರಲ್ಲಿ. ಇಲ್ಲಿ ಮುಖ್ಯ ಕಚೇರಿ ಸ್ಥಳೀಯರ ಹಿಂದಿನಿಂದ ಬಂತು.

ಆಸ್ಟ್ರೇಲಿಯಾದಲ್ಲಿ ನಡೆದದ್ದೂ ಹಾಗೆಯೇ. 1959ರಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಶತಮಾನೋತ್ಸವಕ್ಕೆ ಬ್ರಿಟನ್ನಿನ ರಾಜಕುಮಾರಿ ಅಲೆಕ್ಸಾಂಡ್ರಾ ಬಂದರು. ಆಗಿನ್ನೂ ಇಪ್ಪತ್ತೆರಡರ ಆಸುಪಾಸಿನಲ್ಲಿದ್ದ ಅತಿಥಿಗೆ ಅದೇ ವಯಸ್ಸಿನವರ ಜೊತೆ ಸಿಗಲೆಂದು ರೋಟೇರಿಯನ್ನರು ರಾಜ್ಯದ ಯುವಕ ಯುವತಿಯರನ್ನು ಬ್ರಿಸ್ಬೇನ್‌ಗೆ ಕರೆಸಿದರು. ಬಂದವರನ್ನು ನೋಡಿ ಮೆಚ್ಚಿದ ಹಿರಿಯರು ಆ ಕೂಟವನ್ನು ವರ್ಷ ವರ್ಷವೂ ನಡೆಸಲು ನಿರ್ಧರಿಸಿದರು. ರಾಜಮನೆತನದ ಭೇಟಿಯ ಉಪಚಾರವಾಗಿ ಶುರುವಾದದ್ದು ನಾಯಕತ್ವ ತರಬೇತಿ ಶಿಬಿರವಾಯಿತು. 1971ರಲ್ಲಿ ರೋಟರಿ ಇದನ್ನು ತನ್ನದೆಂದು ಅಂಗೀಕರಿಸಿತು. ಇಂದು ಕರ್ನಾಟಕದ ಕಾಲೇಜುಗಳಲ್ಲಿ ‘ರೈಲಾ’ ಎಂದು ಕರೆಯುವ ಶಿಬಿರದ ಮೂಲ ಇದೇ.

ಶಾಲಾ ಮಕ್ಕಳಿಗಾಗಿ ರೋಟರಿ ರೂಪಿಸಿದ ಇಂಟರಾಕ್ಟ್ 1962ರ ನವೆಂಬರ್ 5ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಮೆಲ್ಬರ್ನ್ ಹೈಸ್ಕೂಲಿನಲ್ಲಿ ಆರಂಭವಾಯಿತು. ಸದಸ್ಯರು 23 ಮಂದಿ, ಎಲ್ಲರೂ ಹುಡುಗರೇ. ಆ ವರ್ಷ ರೋಟರಿ ಇಂಟರ್‌ನ್ಯಾಷನಲ್‌ನ ಅಧ್ಯಕ್ಷರಾಗಿದ್ದವರು ಕೋಲ್ಕತ್ತಾದ ನಿತೀಶ್ ಲಹರಿ, ಆ ಹುದ್ದೆಗೇರಿದ ಮೊದಲ ಭಾರತೀಯ. ಜಗತ್ತಿನ ಎರಡನೆಯ ಇಂಟರಾಕ್ಟ್ ಕ್ಲಬ್ ಸ್ಥಾಪನೆಯಾದದ್ದು ತಮಿಳುನಾಡಿನ ತಂಜಾವೂರಿನಲ್ಲಿ. ಪಶ್ಚಿಮದಲ್ಲಿ ಪಳಗಿದ ಮೇಲೆ ತಡವಾಗಿ ಇಲ್ಲಿಗೆ ಬಂದ ವಸ್ತುಗಳ ಪಟ್ಟಿಗೆ ಇಂಟರಾಕ್ಟನ್ನು ಸೇರಿಸಲಾಗದು.

ಕಾಲೇಜು ವಯಸ್ಸಿನವರ ರೋಟರಾಕ್ಟ್ 1968ರ ಮಾರ್ಚ್ 13ರಂದು ನಾರ್ತ್ ಕೆರೊಲಿನಾದ ಷಾರ್ಲಟ್ ನಗರದಲ್ಲಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಈ ಕ್ಲಬ್ಬುಗಳ ಏರ್ಪಾಟು ಆಗ ಒಂದೇ ಬಗೆಯದಾಗಿತ್ತು: ಊರಿನ ಹಿರಿಯರ ಕ್ಲಬ್ ಪ್ರಾಯೋಜಕ, ಕಿರಿಯರಲ್ಲೇ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ.

ಬೆಂಗಳೂರಿನಲ್ಲಿ ರೋಟರಿ ಕ್ಲಬ್ 1934ರಿಂದ ಇದೆ. ಕರ್ನಾಟಕದ ಕಿರಿಯ ಕ್ಲಬ್ಬುಗಳ ವರ್ಷವೂ ರೋಟರಿ, ಲಯನ್ಸ್‌ನಂತೆ ಜುಲೈಗೆ ತೊಡಗುತ್ತದೆ. ಶಾಲಾ ಕಾಲೇಜುಗಳು ತೆರೆದ ಹೊಸತರಲ್ಲೇ ಪದಗ್ರಹಣ ಸಮಾರಂಭಗಳ ಸಾಲು. ಕೆಲಸದ ಹಂಚಿಕೆ ವಯಸ್ಸಿಗೆ ತಕ್ಕಂತೆ. ರಕ್ತದಾನಕ್ಕೆ 18 ತುಂಬಿರಬೇಕಾದ್ದರಿಂದ ಶಿಬಿರ ನಡೆಸಿ ರಕ್ತ ಕೊಡುವುದು ರೋಟರಾಕ್ಟಿನವರಿಗೆ ಸಾಧ್ಯ. ಹೈಸ್ಕೂಲಿನ ಇಂಟರಾಕ್ಟಿಗೆ ಉಳಿಯುವುದು ಜಾಗೃತಿ ಜಾಥಾ, ಸ್ವಚ್ಛತೆ, ಗಿಡ ನೆಡುವುದು. ಶಾಲೆಗಳಲ್ಲಿ ಕ್ಲಬ್ಬಿನ ಬದುಕು ಬಹುಮಟ್ಟಿಗೆ ಸಂಯೋಜಕ ಶಿಕ್ಷಕರ ಉತ್ಸಾಹವನ್ನೇ ನೆಚ್ಚಿದೆ. ಆ ಶಿಕ್ಷಕರಿಗೆ ವರ್ಗವಾದರೆ ಕ್ಲಬ್ಬೂ ಕಾಗದದ ಮೇಲೆ ಉಳಿಯುವ ಸಂಭವ ಹೆಚ್ಚು.

ಹಿರಿಯರ ಕ್ಲಬ್ಬುಗಳು ಬಹುಕಾಲ ಗಂಡಸರವೇ ಆಗಿದ್ದವು. ಲಯನ್ಸ್ 1987ರಲ್ಲಿ, ರೋಟರಿ 1989ರಲ್ಲಿ ಮಹಿಳೆಯರಿಗೆ ಸದಸ್ಯತ್ವ ತೆರೆದವು. ಕಿರಿಯರ ಸ್ಥಾನಮಾನ ಬದಲಾಗಲು ಇನ್ನೂ ಮೂರು ದಶಕ ಬೇಕಾಯಿತು. 2019ರಲ್ಲಿ ರೋಟರಿಯ ಶಾಸನ ಪರಿಷತ್ತು ರೋಟರಾಕ್ಟ್ ಕ್ಲಬ್ಬುಗಳಿಗೂ ಸಂಸ್ಥೆಯ ಸದಸ್ಯತ್ವ ಕೊಟ್ಟಿತು. ಅಲ್ಲಿಯವರೆಗೆ ಅದು ರೋಟರಿಯ ಒಂದು ಕಾರ್ಯಕ್ರಮ ಮಾತ್ರ. 2020ರ ಜುಲೈಯಿಂದ 30 ವರ್ಷದ ಗರಿಷ್ಠ ಮಿತಿ ಹೋಯಿತು, ಪ್ರಾಯೋಜಕ ಕ್ಲಬ್ ಇಲ್ಲದೆಯೂ ರೋಟರಾಕ್ಟ್ ಕಟ್ಟಬಹುದೆಂದಾಯಿತು. ಹಕ್ಕಿನ ಜೊತೆ ಬಿಲ್ಲೂ ಬಂತು: 2022ರ ಜುಲೈಯಿಂದ ವಿಶ್ವವಿದ್ಯಾಲಯದ ಕ್ಲಬ್ಬಿನ ಪ್ರತಿ ಸದಸ್ಯರಿಗೆ ವರ್ಷಕ್ಕೆ 5 ಡಾಲರ್, ಊರಿನ ಕ್ಲಬ್ಬಿನವರಿಗೆ 8 ಡಾಲರ್ ಶುಲ್ಕ ನಿಗದಿಯಾಯಿತು.