ಬಿಸುವಿನಿಂದ ಪತ್ತನಾಜೆಯವರೆಗೆ

ಬೇಸಗೆ ಬಂತೆಂದರೆ ಪಟ್ಟಣದ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಈ ಸಲ ಎಲ್ಲಿಗೆ ಹೋಗೋಣ? ಮಕ್ಕಳಿಗೆ ರಜೆ, ಹಿರಿಯರಿಗೆ ಸೆಕೆ. ಒಬ್ಬರಿಗೆ ಕಡಲು ಬೇಕು, ಇನ್ನೊಬ್ಬರಿಗೆ ಗುಡ್ಡ. ಒಬ್ಬರು ಊಟದ ರುಚಿ ನೆನೆಯುತ್ತಾರೆ, ಇನ್ನೊಬ್ಬರು ಹಾಡು, ಕುಣಿತ ಎನ್ನುತ್ತಾರೆ. ಈ ಪ್ರಶ್ನೆ ಹೊಸದು, ನಮ್ಮ ಹಿರಿಯರಿಗೆ ವಿಹಾರವೆಂಬುದೇ ಗೊತ್ತಿರಲಿಲ್ಲ ಎಂದು ಹೇಳುವವರಿದ್ದಾರೆ. ವಿಹಾರ ಎಂಬ ಹೆಸರನ್ನು ಅವರು ಬಳಸಿರಲಿಕ್ಕಿಲ್ಲ. ಆದರೆ ಬೇಸಗೆಯಲ್ಲಿ ಮನೆ ಬಿಟ್ಟು ಹೊರಡುವ ಪದ್ಧತಿ ತುಳುನಾಡಿನಲ್ಲಿ ಬಹಳ ಹಳೆಯದು. ಅದಕ್ಕೆ ಮೊದಲ ದಿನವೂ ಇತ್ತು, ಕೊನೆಯ ದಿನವೂ ಇತ್ತು. ಮೊದಲನೆಯದು ಬಿಸು, ಕೊನೆಯದು ಪತ್ತನಾಜೆ. ಈ ಎರಡು ದಿನಗಳ ನಡುವಿನ ಸುಮಾರು ನಲವತ್ತು ದಿನಗಳ ಕಥೆಯನ್ನು ಬೆಳ್ಮಣ್ಣಿನಲ್ಲಿ ನಿಂತು ಹೇಳಬೇಕೆಂದು ನನ್ನ ಆಸೆ.

ಬೆಳ್ಮಣ್ಣನ್ನೇ ಏಕೆ ಆರಿಸಿಕೊಂಡೆನೆಂದರೆ, ಆ ಊರು ಇರುವ ಸ್ಥಳವೇ ಅಂಥದು. ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ಹಾದಿಯಲ್ಲಿ, ದುರ್ಗಾಪರಮೇಶ್ವರಿಯ ದೇವಸ್ಥಾನವನ್ನು ನಡುವಿಟ್ಟುಕೊಂಡು ಬೆಳೆದ ಊರು ಅದು. ಪಡುವಣಕ್ಕೆ ಇಳಿದರೆ ಕಡಲು. ಮೂಡಣಕ್ಕೆ ಏರಿದರೆ ಕಾರ್ಕಳದ ಬಂಡೆಗಳು, ಅವುಗಳಾಚೆ ಪಶ್ಚಿಮಘಟ್ಟ. ಉತ್ತರಕ್ಕೆ ಕಾಪು, ಉಡುಪಿ, ದಕ್ಷಿಣಕ್ಕೆ ಮೂಡುಬಿದಿರೆ. ಪಕ್ಕದಲ್ಲೇ ನಂದಳಿಕೆ. ಒಂದೇ ದಿನದಲ್ಲಿ ಬಂಡೆಯನ್ನೂ ಗದ್ದೆಯನ್ನೂ ಕಡಲನ್ನೂ ಕಂಡು ಬರಬಹುದಾದ ನೆಲ.

ಹಿರಿಯರು ಬೇಸಗೆಯಲ್ಲೇ ಹೊರಟದ್ದಕ್ಕೆ ಕಾರಣ ಸರಳವಾದುದು. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಸೇತುವೆಗಳಿಲ್ಲದ ಕಾಲದಲ್ಲಿ ಶಾಂಭವಿ, ಉದ್ಯಾವರದ ಹೊಳೆ, ಸುವರ್ಣಾ, ಸೀತಾ ನದಿಗಳು ಮಳೆಗಾಲದಲ್ಲಿ ಊರು ಊರುಗಳನ್ನು ಬೇರೆ ಮಾಡುತ್ತಿದ್ದವು. ಏಣೆಲು, ಸುಗ್ಗಿ ಬೆಳೆಗಳ ಕೊಯ್ಲು ಮುಗಿದು ಬೇಸಗೆ ಬಂದಾಗ ಹೊಳೆ ತೆಳುವಾಗುತ್ತಿತ್ತು, ಗದ್ದೆ ಒಣಗಿ ನಡೆದಾಡುವ ಬಯಲಾಗುತ್ತಿತ್ತು, ಕೈಗೆ ಸ್ವಲ್ಪ ಬಿಡುವೂ ಮನೆಗೆ ಸ್ವಲ್ಪ ಅಕ್ಕಿಯೂ ದೊರೆಯುತ್ತಿತ್ತು. ಕೊಯ್ದ ಗದ್ದೆಯೇ ರಂಗಸ್ಥಳವಾಯಿತು, ಗದ್ದೆಯ ಹುಣಿಯೇ ದಾರಿಯಾಯಿತು.

ಈ ಕರಾವಳಿಯ ದಾರಿಯನ್ನು ಹೊರಗಿನವರೂ ಕಂಡು ಬರೆದಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಮೊರಾಕೊ ದೇಶದ ಇಬ್ನ್ ಬತೂತ ಬಾರಕೂರು, ಮಂಗಳೂರುಗಳ ಮೂಲಕ ಹಾದುಹೋದ. ದಾರಿಯುದ್ದಕ್ಕೂ ಮರಗಳ ನೆರಳಿದ್ದುದನ್ನೂ, ಅರ್ಧ ಅರ್ಧ ಮೈಲಿಗೆ ಮರದ ಚಾವಡಿಯೊಂದಿದ್ದು ಅಲ್ಲಿ ಕೂರಲು ಜಗಲಿ, ಕುಡಿಯಲು ಬಾವಿ, ನೀರು ಕೊಡಲು ಒಬ್ಬ ಮನುಷ್ಯ ಇದ್ದುದನ್ನೂ ಅವನು ಮೆಚ್ಚಿ ಹೇಳುತ್ತಾನೆ. ಆದರೆ ಅದೇ ಬಾವಿಯ ಬಳಿ ಕೆಲವರಿಗೆ ಪಾತ್ರೆಯಲ್ಲಿ, ತನ್ನಂಥವರಿಗೆ ಬೊಗಸೆಗೆ ನೀರು ಹೊಯ್ಯುತ್ತಿದ್ದುದನ್ನೂ ಮರೆಮಾಚದೆ ಬರೆಯುತ್ತಾನೆ. ನಮ್ಮ ಅತಿಥಿಸತ್ಕಾರದ ಹಿರಿಮೆ, ಅದರ ಕೊರತೆ ಎರಡೂ ಆ ಒಂದು ಚಿತ್ರದಲ್ಲಿವೆ. ನೀರು ಎಲ್ಲರಿಗೂ ಇತ್ತು. ಪಾತ್ರೆ ಎಲ್ಲರಿಗೂ ಇರಲಿಲ್ಲ. ಮುಂದೆ ಟಿಪ್ಪುವಿನ ಪತನದ ನಂತರ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಕಾರ್ಕಳ, ಉಡುಪಿಗಳ ದಾರಿ ಹಿಡಿದ. ಅವನು ಬಂದದ್ದೂ ಮಳೆಯಿಲ್ಲದ ತಿಂಗಳಿನಲ್ಲಿ. ಬೆಳೆ, ಕಂದಾಯ, ಜಾತಿ, ದೇವಾಲಯಗಳನ್ನು ಕುರಿತು ಅವನು ಬರೆದುಕೊಂಡ ವಿವರಗಳು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದವು.

ಇನ್ನು ನಮ್ಮವರ ಪಯಣಕ್ಕೆ ಬರೋಣ. ಏಪ್ರಿಲ್ ತಿಂಗಳ ನಡುವೆ ಬರುವ ಬಿಸು ತುಳುವರ ಹೊಸ ವರ್ಷ. ಮುಂಜಾನೆ ಕಣ್ಣು ತೆರೆದೊಡನೆ ಕಣಿ ಕಾಣಬೇಕು: ಅಕ್ಕಿ, ತೆಂಗಿನಕಾಯಿ, ಸೌತೆ, ಮಾವು, ಹಲಸು, ಗೇರುಹಣ್ಣು, ನಡುವೆ ಒಂದು ಕನ್ನಡಿ. ಆ ತಟ್ಟೆಯಲ್ಲಿದ್ದುದೆಲ್ಲ ಮುಂದಿನ ನಲವತ್ತು ದಿನಗಳ ಊಟದ ಮುನ್ನುಡಿ. ಗುಜ್ಜೆಯ ಪಲ್ಯ, ಕಾಡುಮಾವಿನ ಸಾಸಿವೆ, ಎಲೆಯಲ್ಲಿ ಸುತ್ತಿ ಬೇಯಿಸಿದ ಹಲಸಿನ ಹಣ್ಣಿನ ಕಡುಬು, ರಾಗಿಯ ಮಣ್ಣಿ, ಪುನರ್ಪುಳಿಯ ಪಾನಕ, ಕುಚ್ಚಲಕ್ಕಿ ಗಂಜಿಗೆ ಮಿಡಿ ಉಪ್ಪಿನಕಾಯಿ. ಕಡಲ ಮಗ್ಗುಲಿನ ಮನೆಗಳಲ್ಲಿ ಬಂಗುಡೆ, ಬೂತಾಯಿ. ಅಂಗಳದ ಚಾಪೆಯ ಮೇಲೆ ಹಪ್ಪಳ ಒಣಗುತ್ತಿದ್ದರೆ ಕಾಗೆ ಓಡಿಸುವ ಕೆಲಸ ರಜೆಗೆ ಬಂದ ಮಕ್ಕಳದು. ಬಂದವರಿಗೆ ಮೊದಲು ಬೆಲ್ಲ, ನೀರು, ಮಾತು ಆಮೇಲೆ.

ಬಂದವರು ಯಾರು? ಅಳಿಯಸಂತಾನದ ಕಟ್ಟಿನಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆದುದರಿಂದ ಹೆಣ್ಣುಮಗಳು ಮಕ್ಕಳನ್ನು ಕರೆದುಕೊಂಡು ಕುಟುಂಬದ ಮನೆಗೆ ಹೊರಟಳೆಂದರೆ ಅದು ನೆಂಟರ ಮನೆಗೆ ಹೋದದ್ದಲ್ಲ, ತನ್ನ ಮನೆಗೆ ಮರಳಿದ್ದು. ದೈವದ ನೇಮ, ತಂಬಿಲಗಳಿಗೆ ಅಲ್ಲಿ ಎಲ್ಲರೂ ಕೂಡುತ್ತಿದ್ದರು. ಮುಂಬಯಿಯ ಹೋಟೆಲು, ಗಿರಣಿಗಳಲ್ಲಿ ದುಡಿಯುತ್ತಿದ್ದವರು ಉಗಿಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ, 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾದ ಮೇಲೆ ರೈಲಿನಲ್ಲಿ ಬಂದು ಸೇರಿದರು.

ಊರಿನ ನೋಟಗಳಲ್ಲಿ ಮೊದಲನೆಯದು ಕಾರ್ಕಳ. ಬಂಡೆ ಕಾಯುವ ಮೊದಲೇ ಬೆಟ್ಟ ಹತ್ತಬೇಕು. 1432ರ ಫೆಬ್ರವರಿಯಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟ ಬೆಳಗಿನ ಬೆಳಕಿನಲ್ಲಿ ಕಲ್ಲೆಂಬುದನ್ನೇ ಮರೆಸುತ್ತಾನೆ. ಎದುರಿನ ದಿಬ್ಬದ ಚತುರ್ಮುಖ ಬಸದಿ 1586ರದು; ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ದಿಕ್ಕಿಗೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು. ಯಾವ ಕಡೆಯಿಂದ ಬಂದವನಿಗೂ ಅದೇ ದರ್ಶನ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರ ಕಾಲದ್ದು. ಗೊಮ್ಮಟನಿಗೂ ಅದಕ್ಕೂ ನಡುವೆ ಎರಡೇ ವರ್ಷಗಳ ಅಂತರ. ಮೆಣಸಿನ ವ್ಯಾಪಾರ ಕೊಟ್ಟ ಸಂಪತ್ತು ಈ ನೆಲದಲ್ಲಿ ಕಲ್ಲಾಗಿ ನಿಂತುದನ್ನು ಅಲ್ಲಿ ಕಾಣುತ್ತೇವೆ.

ಸಾಹಿತ್ಯಪ್ರಿಯರು ನಂದಳಿಕೆಯನ್ನು ದಾಟಿಹೋಗಲಾರರು. 1870ರಲ್ಲಿ ಅಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನೇ ನಮ್ಮ ಮುದ್ದಣ. ಶಾಲೆಯಲ್ಲಿ ವ್ಯಾಯಾಮ ಕಲಿಸುವ ಕೆಲಸ, ಬಡತನ, ಕ್ಷಯರೋಗ, ಇವುಗಳ ನಡುವೆ ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ರಾಮಾಶ್ವಮೇಧ’ಗಳನ್ನು ಬರೆದು 1901ರಲ್ಲಿ ತೀರಿಕೊಂಡ. ಮನೋರಮೆಗೆ ಕಥೆ ಹೇಳುವ ಗಂಡನನ್ನು ನಾವು ಬಲ್ಲೆವು. ಆದರೆ ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಯಕ್ಷಗಾನ ಪ್ರಸಂಗಗಳೂ ಅವನವೇ ಎಂಬುದನ್ನು ಪಟ್ಟಣದ ಓದುಗರು ಎಷ್ಟೋ ಸಲ ಮರೆಯುತ್ತಾರೆ. ಹಳಗನ್ನಡದ ಗದ್ಯ ಬರೆದ ಕೈಯೇ ಗದ್ದೆಯ ಬಯಲಿಗೂ ಬರೆಯಿತು. ಕಾಪುವಿನ ಕಡಲಬಂಡೆಯ ಮೇಲೆ ದೀಪಸ್ತಂಭ ಎದ್ದದ್ದೂ ಅದೇ 1901ರಲ್ಲಿ. ಒಂದು ದೀಪ ಆರಿದ ವರ್ಷ ಇನ್ನೊಂದು ಹೊತ್ತಿತು ಎಂದು ಹೇಳಿದರೆ ಅದು ಕಾಕತಾಳೀಯಕ್ಕೆ ಅರ್ಥ ಹಚ್ಚಿದಂತಾದೀತು. ಆದರೂ ಸಂಜೆ ಕಾಪುವಿನ ಮರಳಿನಲ್ಲಿ ಕುಳಿತವನಿಗೆ ಆ ನೆನಪು ಬರದಿರದು.

ಅದೇ ನಂದಳಿಕೆಯಲ್ಲಿ ಬೇಸಗೆಯ ಹುಣ್ಣಿಮೆಯ ರಾತ್ರಿ ಸಿರಿಜಾತ್ರೆ ನಡೆಯುತ್ತದೆ. ಸಿರಿ ಅನ್ಯಾಯ ಮಾಡಿದ ಗಂಡನನ್ನು ತೊರೆದು ಹೊರಟ ಹೆಣ್ಣು. ಮತ್ತೊಂದು ಬಾಳು ಕಟ್ಟಿಕೊಂಡವಳು. ಅವಳ ಪಾಡ್ದನವನ್ನು ಮಾಚಾರಿನ ಗೋಪಾಲ ನಾಯ್ಕರು ಹಾಡಿದುದನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರೊಡನೆ ದಾಖಲಿಸಿದರು. 1998ರಲ್ಲಿ ಅದು 15,683 ಸಾಲುಗಳ ಮಹಾಕಾವ್ಯವಾಗಿ ಪ್ರಕಟವಾಯಿತು. ಆದರೆ ಪುಸ್ತಕಕ್ಕೆ ಬರುವ ಎಷ್ಟೋ ಮೊದಲಿನಿಂದ ಆ ರಾತ್ರಿ ನೂರಾರು ಹೆಂಗಸರು ಹಿಂಗಾರ ಹಿಡಿದು ಸಾಲಾಗಿ ನಿಂತು, ಮೈಮೇಲೆ ಬಂದ ಸಿರಿಯ ಬಾಯಲ್ಲಿ ತಮ್ಮ ಮಾತು ಆಡುತ್ತ ಬಂದಿದ್ದಾರೆ. ವರ್ಷವಿಡೀ ಗದ್ದೆ, ಒಲೆ, ತೊಟ್ಟಿಲುಗಳ ನಡುವೆ ಸವೆದವಳಿಗೆ ಮನೆಯಿಂದ ಹೊರಡಲು, ಇರುಳನ್ನು ಹೊರಗೆ ಕಳೆಯಲು, ಗಟ್ಟಿಯಾಗಿ ಅಳಲು ಸಮಾಜ ಒಪ್ಪಿದ ಒಂದು ರಾತ್ರಿ ಅದು. ನಾವು ವಿಹಾರವೆನ್ನುವುದನ್ನು ಅವಳು ಏನೆಂದು ಕರೆದಾಳು? ಅಲ್ಲಿಗೆ ಹೋಗುವ ನೋಟಕನು ಈ ಪ್ರಶ್ನೆಯನ್ನು ಜೊತೆಗೆ ಕೊಂಡೊಯ್ಯಬೇಕು. ಕೈಯಲ್ಲಿ ಕ್ಯಾಮರಾ ಇದ್ದರೆ ಅದನ್ನು ಕೆಳಗಿಳಿಸಬೇಕು.

ಉಳಿದ ರಾತ್ರಿಗಳು ಆಟಕ್ಕೆ ಮೀಸಲು. ಚೆಂಡೆಯ ದನಿ ಎರಡು ಊರಿನಾಚೆಗೆ ಕೇಳಿದರೆ ಸಾಕು, ಸೂಟೆ ಬೀಸುತ್ತ ಗದ್ದೆಯ ಹುಣಿಯಲ್ಲಿ ಸಾಲು ಹೊರಡುತ್ತಿತ್ತು. ತೆಂಕು, ಬಡಗು ಎರಡು ತಿಟ್ಟುಗಳ ಸೀಮೆಗಳು ಹತ್ತಿರ ಬರುವ ಈ ನೆಲದಲ್ಲಿ ಎರಡನ್ನೂ ಕೇಳಿ ತೂಗಬಲ್ಲ ಕಿವಿಗಳಿದ್ದವು. ಭಾಗವತನ ಒಂದು ಪದಕ್ಕೆ, ಒಂದು ಅರ್ಥಗಾರಿಕೆಗೆ ಮರುದಿನ ಕಟ್ಟೆಯ ಮೇಲೆ ವಿಮರ್ಶೆ ನಡೆಯುತ್ತಿತ್ತು. ಅಕ್ಷರ ಬಾರದವರ ಕಾವ್ಯಪಾಠ ಅದು.

ಈ ಕಾಲವನ್ನು ನೆನೆದು ಮರುಗುವುದು ಸುಲಭ. ಆದರೆ ಇತಿಹಾಸ ಹೇಳುವವನು ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬಿಸುವಿನ ದಿನ ಒಡೆಯನ ಚಾವಡಿಗೆ ತರಕಾರಿ ಹೊತ್ತು ತಂದ ಒಕ್ಕಲಿಗೆ ಆ ಚಾವಡಿಯಲ್ಲಿ ಕೂರುವ ಹಕ್ಕಿರಲಿಲ್ಲ. ದೇವರ ಊಟದಲ್ಲಿ ಪಂಕ್ತಿಗಳಿದ್ದವು. ಉಡುಪಿಯವರು ಊರೂರಿಗೆ ಒಯ್ದ ಹೋಟೆಲು ದುಡ್ಡು ಕೊಟ್ಟವನಿಗೆಲ್ಲ ದೋಸೆ ಕೊಟ್ಟಿತು. ಅದು ದೊಡ್ಡ ಬದಲಾವಣೆ. ಆದರೂ ಅಂದಿನ ಮದರಾಸು ಪ್ರಾಂತದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆಯಿತ್ತು. ಆ ಗೋಡೆ ತಾನಾಗಿ ಬೀಳಲಿಲ್ಲ, ಜನ ಹೋರಾಡಿ ಕೆಡವಿದರು. 1949ರ ಅಳಿಯಸಂತಾನ ಕಾಯಿದೆಯಿಂದ ಕುಟುಂಬದ ಆಸ್ತಿ ಪಾಲಾಯಿತು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನಿಗೆ ಹೊಲ ಬಂತು. ಆಟ ಆಡಿಸುತ್ತಿದ್ದ ಎಷ್ಟೋ ದೊಡ್ಡ ಮನೆಗಳ ಬಾಗಿಲು ಮುಚ್ಚಿತು, ನಿಜ. ಆದರೆ ಸೂಟೆ ಹಿಡಿದು ದೂರ ನಿಂತು ನೋಡುತ್ತಿದ್ದವನ ಮಗ ಇಂದು ತನ್ನ ಹೆಸರಿನಲ್ಲೇ ಹರಕೆಯಾಟ ಆಡಿಸುತ್ತಾನೆ. ಯಾವುದು ಹೆಚ್ಚು ಎಂದು ಕೇಳಿದರೆ ನನ್ನಲ್ಲಿ ಸಂಶಯವಿಲ್ಲ.

ಕಳೆದುಹೋದದ್ದು ಬೇರೆಯೇ ಇದೆ. ಅದು ಸಿರಿವಂತಿಕೆಯಲ್ಲ, ಮಿತಿಯ ಅರಿವು. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಪತ್ತ್ ಎಂದರೆ ತುಳುವಿನಲ್ಲಿ ಹತ್ತು. ಅಂದು ಹತ್ತು ಹನಿಯಾದರೂ ಮಳೆ ಬೀಳಬೇಕೆಂಬುದು ಹಳಬರ ನಂಬಿಕೆ. ಅಂದಿನಿಂದ ದೈವದ ಗಗ್ಗರ ಕೆಳಗಿಳಿಯುತ್ತದೆ, ಮೇಳದ ಗೆಜ್ಜೆ ಬಿಚ್ಚುತ್ತದೆ, ಉತ್ಸವಗಳು ನಿಲ್ಲುತ್ತವೆ. ಮತ್ತೆ ತೆರೆ ಏಳುವುದು ದೀಪಾವಳಿಯ ನಂತರ. ಕಡಲಿಗೂ ಹೀಗೆಯೇ: ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಸರಕಾರದ ನಿಷೇಧವಿದೆ, ಮೀನು ಮರಿಮಾಡಲಿ ಎಂದು. ಕಾನೂನು ಇಂದು ಕಡಲಿಗೆ ಹೇಳುತ್ತಿರುವುದನ್ನು ಪತ್ತನಾಜೆ ಮನುಷ್ಯನಿಗೆ ಎಂದೋ ಹೇಳಿತ್ತು: ಸಾಕು, ಈಗ ಮನೆಗೆ ಹೋಗು, ನೆಲ ಉಳು.

ಇಂದಿನ ಪ್ರವಾಸಕ್ಕೆ ಋತುವಿಲ್ಲ. ಸಭಾಭವನದಲ್ಲಿ ಮಳೆಗಾಲದಲ್ಲೂ ಆಟ ನಡೆಯುತ್ತದೆ. ಇನ್ನೊಂದೆಡೆ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರ ನಂತರದ ಧ್ವನಿವರ್ಧಕಕ್ಕೆ ತಡೆಯೊಡ್ಡಿದ ಮೇಲೆ ಇರುಳಿಡೀ ನಡೆಯುತ್ತಿದ್ದ ಆಟ ಹಲವೆಡೆ ಕಾಲಮಿತಿಗೆ ಒಳಪಟ್ಟಿದೆ. ಗಡಿಯಾರದ ಮಿತಿ ಬಂತು, ಪಂಚಾಂಗದ ಮಿತಿ ಸಡಿಲಿತು.

ಆದುದರಿಂದ ಈ ಬೇಸಗೆಯಲ್ಲಿ ಆ ಕಡೆಗೆ ಹೊರಡುವ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಹತ್ತು ಸ್ಥಳಗಳ ಪಟ್ಟಿ ಹಿಡಿದು ಓಡಬೇಡಿ. ಬೆಳಗ್ಗೆ ಕಾರ್ಕಳದ ಬಂಡೆ, ಮಧ್ಯಾಹ್ನ ಯಾರದಾದರೂ ಮನೆಯ ಜಗಲಿ, ಸಂಜೆ ಕಾಪುವಿನ ಕಡಲು, ರಾತ್ರಿ ಒಂದು ಆಟ; ಅಷ್ಟು ಸಾಕು. ಬೆಲ್ಲ, ನೀರು ಕೊಟ್ಟವರ ಹೆಸರು ಕೇಳಿ ತಿಳಿದುಕೊಳ್ಳಿ. ಪಾತ್ರೆ ಈಗ ಎಲ್ಲರಿಗೂ ಒಂದೇ ಆಗಿದೆಯೆ ಎಂಬುದನ್ನೂ ಗಮನಿಸಿ. ಮೊದಲ ಹತ್ತು ಹನಿ ಬಿದ್ದಾಗ, ಹಿರಿಯರಂತೆ, ಹೆಚ್ಚು ಮಾತಿಲ್ಲದೆ ಎದ್ದು ಮನೆಯ ಕಡೆಗೆ ಹೊರಡಿ.