ಕೈಗೆಟಕುವ ಕೈತೋಟ

ಮನೆಯ ಹಿತ್ತಿಲಿನಲ್ಲಿ ನಾಲ್ಕು ಬೆಂಡೆ, ಎರಡು ಬದನೆ, ಒಂದು ಬಸಳೆಯ ಬಳ್ಳಿ ಇದ್ದರೆ ಅದನ್ನು ನಾವು ಕೈತೋಟವೆನ್ನುತ್ತೇವೆ. ವಾಚಕರು ಈ ಪದವನ್ನು ಒಮ್ಮೆ ಬಿಡಿಸಿ ನೋಡಬೇಕು. ಹಿರಿಯರು ಅದನ್ನು ಕಾಲಿನ ಹೆಸರಿನಿಂದಲೂ ಕರೆಯಲಿಲ್ಲ, ಬೆನ್ನಿನ ಹೆಸರಿನಿಂದಲೂ ಕರೆಯಲಿಲ್ಲ. ಕೈಯ ಹೆಸರಿನಿಂದ ಕರೆದರು. ಹಾಗಿದ್ದರೂ ಕಾಲು ಸೋತವನಿಗೆ, ಬೆನ್ನು ಬಾಗದವನಿಗೆ ತೋಟದ ಕೆಲಸ ಮುಗಿಯಿತೆಂದು ನಾವು ಬಹುಬೇಗ ತೀರ್ಮಾನಿಸಿಬಿಡುತ್ತೇವೆ.

ನಮ್ಮ ತ್ರಾಸಿಯ ಕಡೆ ಇದು ಬರಿಯ ಶಬ್ದವಿಚಾರವಲ್ಲ. ತೆಂಗು, ಅಡಿಕೆಯ ನಾಡಿನಲ್ಲಿ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗುವುದು ಕೇಳರಿಯದ ಸಂಗತಿಯೇನಲ್ಲ. ನಿನ್ನೆಯವರೆಗೆ ತೋಟ ಮಾಡಿದವನು ಇಂದು ಜಗಲಿಯಲ್ಲಿ ಕುಳಿತು, ಇತರರು ಮಾಡುವ ತೋಟವನ್ನು ನೋಡಬೇಕು. ಅನ್ನಕ್ಕೆ ಕೊರತೆಯಿಲ್ಲದ ಮನೆಯಲ್ಲಿಯೂ ಆ ನೋವಿಗೆ ಮದ್ದಿಲ್ಲ. ಇಂಥವನಿಗೆ ಚರಿತ್ರೆ ಏನನ್ನಾದರೂ ಹೇಳುತ್ತದೆಯೇ? ಹೇಳುತ್ತದೆ.

ಇಂಗ್ಲೆಂಡಿನಲ್ಲಿ ಹಂಫ್ರಿ ರೆಪ್ಟನ್ ಎಂಬ ಹೆಸರಾಂತ ಉದ್ಯಾನಶಿಲ್ಪಿಯಿದ್ದನು. ಶ್ರೀಮಂತರ ವಿಶಾಲವಾದ ಉಪವನಗಳನ್ನು ರೂಪಿಸುವುದು ಅವನ ವೃತ್ತಿ. 1811ರ ಜನವರಿಯಲ್ಲಿ ಅವನ ಗಾಡಿ ಮಂಜುಗಟ್ಟಿದ ದಾರಿಯಲ್ಲಿ ಮಗುಚಿ ಬೆನ್ನಿಗೆ ಬಲವಾದ ಪೆಟ್ಟಾಯಿತು. ಅಲ್ಲಿಂದ ಮುಂದೆ ಗಾಲಿಕುರ್ಚಿಯೇ ಅವನ ಆಸರೆ. ಆದರೆ ಕುರ್ಚಿಯಲ್ಲಿ ಕುಳಿತಾಗ ಅವನ ಕಣ್ಣಿಗೆ ತೋಟವೇ ಬೇರೆಯಾಗಿ ಕಂಡಿತು. 1816ರಲ್ಲಿ ಹೊರಬಂದ ತನ್ನ ಕೊನೆಯ ಗ್ರಂಥದಲ್ಲಿ, ಬಾಗಲಾರದವರಿಗೂ ಹೂವು ಹಣ್ಣುಗಳು ಕೈಗೆ ಸಿಕ್ಕುವಂತೆ ಪಾತಿಗಳನ್ನು ಎತ್ತರಿಸುವ ವಿಚಾರವನ್ನು ಅವನು ಬರೆದನು. ಮನುಷ್ಯನು ನೆಲಕ್ಕೆ ಬಾಗಲಾರದಿದ್ದರೆ ನೆಲವೇ ಮನುಷ್ಯನ ಬಳಿಗೆ ಏರಬೇಕು. ಇಷ್ಟು ಸರಳವಾದ ಮಾತು ಹೊಳೆಯಲು ಆ ಉದ್ಯಾನಪಂಡಿತನೂ ಬೀಳಬೇಕಾಯಿತು!

ನಮ್ಮ ರಾಜ್ಯಕ್ಕೆ ಬರೋಣ. ಬೆಂಗಳೂರಿನಲ್ಲಿ 1959ರಲ್ಲಿ ಶ್ರೀಮತಿ ಎನ್. ಎಸ್. ಹೇಮಾ ಅವರು ಅಂಗವಿಕಲರಿಗಾಗಿ ಒಂದು ಸಂಸ್ಥೆಯನ್ನು ಕಟ್ಟಿದರು. ಪೋಲಿಯೋ ಪೀಡಿತರಾಗಿ ಸ್ವತಃ ಗಾಲಿಕುರ್ಚಿಯನ್ನು ಬಳಸಿದವರು ಅವರು. ಎ. ಪಿ. ಡಿ. ಎಂದು ಪ್ರಸಿದ್ಧವಾದ ಆ ಸಂಸ್ಥೆ ಮುಂದೆ ಜೀವನ್ ಬಿಮಾ ನಗರದಲ್ಲಿ ತೋಟಗಾರಿಕೆಯ ಶಿಕ್ಷಣವನ್ನೂ ಆರಂಭಿಸಿತು. ಅಂಗವಿಕಲ ತರುಣ ತರುಣಿಯರು ಸಸಿ ಎಬ್ಬಿಸುವುದನ್ನೂ ಕಸಿ ಕಟ್ಟುವುದನ್ನೂ ಕಲಿತು, ಅದನ್ನೇ ಜೀವನೋಪಾಯ ಮಾಡಿಕೊಳ್ಳಬಹುದೆಂದು ಅಲ್ಲಿ ಸಿದ್ಧವಾಯಿತು. ತೋಟ ಅವರಿಗೆ ಹೊತ್ತು ಕಳೆಯುವ ಸಾಧನವಾಗಲಿಲ್ಲ, ಸಂಬಳ ತರುವ ವಿದ್ಯೆಯಾಯಿತು.

ಕಾಲು ಕಳೆದುಕೊಂಡ ರೈತನ ಕಷ್ಟ ಇನ್ನೊಂದು ಬಗೆಯದು. ವಿದೇಶೀ ಮಾದರಿಯ ಕೃತಕ ಕಾಲಿಗೆ ಬೂಟು ಬೇಕು. ಅದನ್ನು ತೊಟ್ಟು ಕುಕ್ಕುರುಗಾಲಿನಲ್ಲಿ ಕೂರುವಂತಿಲ್ಲ, ಕೆಸರಿಗೆ ಇಳಿಯುವಂತಿಲ್ಲ. 1968ರ ಸುಮಾರಿಗೆ ಜಯಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಅವರೂ ವೈದ್ಯ ಪಿ. ಕೆ. ಸೇಥಿ ಅವರೂ ಸೇರಿ ರಬ್ಬರಿನ ಪಾದವನ್ನು ರೂಪಿಸಿದರು. ಬರಿಗಾಲಿನಂತೆಯೇ ಅದು ಗದ್ದೆಯ ನೀರಿನಲ್ಲಿ ನಡೆಯುತ್ತದೆ. ಸೇಥಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಇಷ್ಟು ದೂರ ಹೋಗಿ ಬಂದ ಮೇಲೆ ತಮ್ಮ ಅಂಗಳವನ್ನೇ ಒಮ್ಮೆ ನೋಡಿಕೊಳ್ಳಿ. ನಡುವೆ ತುಳಸಿಕಟ್ಟೆಯಿದೆಯಲ್ಲವೇ? ನಮ್ಮ ಅಜ್ಜಿಗೆ ಕೊನೆಗಾಲದಲ್ಲಿ ನೆಲದ ಮೇಲಿನ ಕಸವನ್ನು ಎತ್ತಲಾಗುತ್ತಿರಲಿಲ್ಲ. ಆದರೆ ತುಳಸಿಗೆ ನೀರು ಹಾಕುವುದು ಒಂದು ದಿನವೂ ತಪ್ಪಲಿಲ್ಲ. ಕಟ್ಟೆ ಅವರ ಕೈಯ ಎತ್ತರಕ್ಕಿತ್ತು. ಬಸಳೆಯ ಚಪ್ಪರವೂ ಹಾಗೆಯೇ, ಕುಡಿಯನ್ನು ಕೈಯ ಬಳಿಗೆ ತರುವ ಉಪಾಯ. ರೆಪ್ಟನ್ ಬರೆದದ್ದು ನಮ್ಮ ಅಂಗಳದಲ್ಲಿ ಮೊದಲೇ ಇತ್ತು. ದೇವರಿಗೆ ಮಾಡಿದ ಏರ್ಪಾಡನ್ನು ಮನೆಯ ಮನುಷ್ಯನಿಗೂ ಮಾಡಬೇಕೆಂದು ನಮಗೆ ತೋಚಲಿಲ್ಲ, ಅಷ್ಟೆ.

ಮಾಡುವುದೇನೂ ಕಷ್ಟವಲ್ಲ. ಮುರಕಲ್ಲಿನಿಂದ ಸುಮಾರು ಎರಡು ಅಡಿ ಎತ್ತರದ ಕಟ್ಟೆ ಕಟ್ಟಿ ಮಣ್ಣು ಗೊಬ್ಬರ ತುಂಬಿಸಿ. ಒಂದೇ ಕಡೆಯಿಂದ ಕೈ ಚಾಚುವುದಾದರೆ ಅಗಲ ಎರಡು ಅಡಿ ಸಾಕು. ಎರಡೂ ಕಡೆಯಿಂದಾದರೆ ನಾಲ್ಕು ಅಡಿ ಇರಬಹುದು. ಗಾಲಿಕುರ್ಚಿ ಓಡಾಡಲು ಕನಿಷ್ಠ ಮೂರು ಅಡಿಯ ಗಟ್ಟಿಯಾದ, ಸಮತಟ್ಟಾದ ದಾರಿ ಬೇಕು. ನಮ್ಮ ಮಳೆಗಾಲಕ್ಕೆ ಕಟ್ಟೆಯ ಬುಡದಲ್ಲಿ ನೀರು ಹೋಗುವ ಕಿಂಡಿಗಳನ್ನು ಮರೆಯಬಾರದು. ಬೇಸಗೆಯಲ್ಲಿ ತರಗೆಲೆಯ ಹೊದಿಕೆ ಇರಲಿ.

ಕೊನೆಯದಾಗಿ ಒಂದು ವಿಜ್ಞಾಪನೆ. ಕಟ್ಟೆ ಮುಗಿದ ದಿನ ಅದರಲ್ಲಿ ಏನು ಬಿತ್ತಬೇಕೆಂದು ತಾವು ನಿಶ್ಚಯಿಸಬೇಡಿ. ಜಗಲಿಯಲ್ಲಿ ಕುಳಿತವನನ್ನು ಕೇಳಿ. ತೋಟ ಅವನದು.