ಅರವಟ್ಟಿಗೆಯ ನೆನಪು

ಊರಿನಿಂದ ಬಂದ ಹಿರಿಯರು ಫ್ಲ್ಯಾಟ್ ಬುಷ್‌ನ ಬೇಸಿಗೆ ನೋಡಿ ನಗುತ್ತಾರೆ. "ರಾಯಚೂರಿನ 42 ಡಿಗ್ರಿ ಕಂಡವರಿಗೆ ನಿಮ್ಮ 28 ಏನು ಮಹಾ?" ಎನ್ನುತ್ತಾರೆ. ಮಾತು ನಿಜ. ಆದರೆ ರಾಯಚೂರಿನಲ್ಲಿ ಅವರ ಜೊತೆ ಇಡೀ ಊರೇ ಬಿಸಿಲನ್ನು ಎದುರಿಸುತ್ತಿತ್ತು.

ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆ ನಮ್ಮಲ್ಲಿ ಬಹಳ ಹಳೆಯದು. ಕೆರೆ, ಬಾವಿ, ಛತ್ರಗಳ ಜೊತೆ ಅರವಂಟಿಗೆಯನ್ನೂ ಪುಣ್ಯಕಾರ್ಯವೆಂದು ಶಾಸನಗಳು ಹೇಳುತ್ತವೆ. ರಾಮನವಮಿಯ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳೂ ಅದೇ ಬುದ್ಧಿವಂತಿಕೆಯ ಫಲ. ಮಜ್ಜಿಗೆಯ ಉಪ್ಪು ಬೆವರಿನಲ್ಲಿ ಹೋದದ್ದನ್ನು ತುಂಬುತ್ತದೆ. ಹಾಗೆಂದು ಎಲ್ಲವನ್ನೂ ಹೊಗಳಬೇಕಿಲ್ಲ. ಎಲ್ಲರಿಗೂ ಒಂದೇ ಲೋಟದಲ್ಲಿ ನೀರು ಸಿಗುತ್ತಿರಲಿಲ್ಲ. ಮೇಲಿನಿಂದ ಸುರಿದ ನೀರನ್ನು ಬೊಗಸೆಯೊಡ್ಡಿ ಕುಡಿದವರೂ ಇದ್ದರು. ಕಲಬುರಗಿ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ 1.30ರವರೆಗೆ ನಡೆಸುವ ರೂಢಿಯೂ ಇದೆ.

ಊರು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಶಿಕಾಗೋ ಸಾಕ್ಷಿ. 1995ರ ಜುಲೈ ಸೆಕೆಗೆ ಅಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಬಾಗಿಲು ಹಾಕಿಕೊಂಡು ಒಂಟಿಯಾಗಿದ್ದ ವೃದ್ಧರು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವುಗಳಾದವು. ಆ ನಗರ ಪಾಠ ಕಲಿತು 2013ರಲ್ಲಿ ಬಿಸಿಲಿಗೆಂದೇ ಯೋಜನೆ ಮಾಡಿತು: ಮುನ್ನೆಚ್ಚರಿಕೆ, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಜೊತೆಗೆ ಕುಡಿಯುವ ನೀರಿನ ವ್ಯವಸ್ಥೆ. ಅಂದರೆ ನಮ್ಮ ಅರವಟ್ಟಿಗೆಯೇ!

ನ್ಯೂಜಿಲೆಂಡಿಗೂ ಬಿಸಿಲು ಹೊಸದಲ್ಲ. 1973ರ ಫೆಬ್ರವರಿ 7ರಂದು ರಂಗಿಯೋರಾದಲ್ಲಿ 42.4 ಡಿಗ್ರಿ ದಾಖಲಾಗಿತ್ತು. ಆಕ್ಲೆಂಡಿನಲ್ಲಿ ಶಾಖ ಅಷ್ಟಿಲ್ಲದಿದ್ದರೂ ಗಾಳಿಯ ತೇವದಿಂದ ಬೆವರು ಆರುವುದಿಲ್ಲ. ನಾವು ಕೆಲಸಕ್ಕೆ ಹೊರಡುತ್ತೇವೆ. ಮಹಡಿಯ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಅಪ್ಪ, ಅಮ್ಮ ಇಬ್ಬರೇ. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದು ಕಡಿಮೆ. ಬಿ.ಪಿ.ಗೆಂದು ನುಂಗುವ ಕೆಲವು ಮಾತ್ರೆಗಳು ಮೈಯ ನೀರನ್ನು ಹೊರಹಾಕುತ್ತವೆ. ಸೆಕೆಯಲ್ಲಿ ಯಾರಾದರೂ ತಡವರಿಸಿ ಮಾತಾಡಿದರೆ, ಗಲಿಬಿಲಿಗೊಂಡರೆ ಮೈಗೆ ತಣ್ಣೀರು ಹಚ್ಚಿ, ಗಾಳಿ ಹಾಕಿ, ತಕ್ಷಣ 111ಕ್ಕೆ ಕರೆಮಾಡಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ನೀರು, ಉಪ್ಪು ಎಷ್ಟೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಲಿ.

ಇಲ್ಲಿ ರಾಮನವಮಿ ಬರುವ ಹೊತ್ತಿಗೆ ಸ್ವೆಟರ್ ಹೊರಬಂದಿರುತ್ತದೆ. ಆದ್ದರಿಂದ ನಮ್ಮ ಕೂಟದ ಪಾನಕ, ಮಜ್ಜಿಗೆ ಸಂಕ್ರಾಂತಿಗೇ ಆಗಲಿ. ಎಳ್ಳುಬೆಲ್ಲ ಹಂಚಲು ಹೋದಾಗ ಯಾರ ಮನೆಯಲ್ಲಿ ಹಗಲು ಹಿರಿಯರು ಒಬ್ಬರೇ ಇರುತ್ತಾರೆಂದು ಕೇಳಿ ಬರೆದುಕೊಳ್ಳೋಣ. ಸೆಕೆಯ ದಿನ ಮಧ್ಯಾಹ್ನ, ಹತ್ತಿರದ ಮನೆಯವರು ಒಮ್ಮೆ ಬಾಗಿಲು ತಟ್ಟಿ "ಅಮ್ಮಾ, ನೀರು ಕುಡಿದ್ರಾ?" ಎಂದು ಕೇಳಿದರೆ ಸಾಕು. ಏನಂತೀರಿ?